ಕಿಗ್ಗದವಳ ಕಾರಿಗೆ ಮೂರು ಮೀಟರು

ಕಿಗ್ಗದ ಹುಡುಗಿ ತನ್ನ ಕಾರನ್ನು ಕೊಪ್ಪದ ನನ್ನ ಶೆಡ್ಡಿಗೆ ತಂದಿದ್ದು ಬುಧವಾರ ಬೆಳಿಗ್ಗೆ. ಭಾನುವಾರ ಮೇಗುಂದದ ಹತ್ತಿರ ಮಣ್ಣಿನ ದಾರಿಯಲ್ಲಿ ಕಾರುಗಳ ಓಟ. ಅಷ್ಟರೊಳಗೆ ಡ್ಯಾಶ್‌ಬೋರ್ಡಿಗೆ ಮೂರು ಮೀಟರು ಕೂರಿಸಿ ಕೊಡಬೇಕು ಎಂದಳು. ಒಂದು ಟರ್ಬೊ ಗಾಳಿಯ ಒತ್ತಡಕ್ಕೆ, ಒಂದು ಎಂಜಿನ್ ಎಣ್ಣೆಯ ಒತ್ತಡಕ್ಕೆ, ಇನ್ನೊಂದು ಎಣ್ಣೆಯ ಬಿಸಿಗೆ. ಮೂರೂ ಡಬ್ಬಿಗಳು ಸೀಟಿನ ಮೇಲಿದ್ದವು.

ಬಾನೆಟ್ ಎತ್ತಿದೆ. ಯಾರ ಕೆಲಸ ಎಂದು ಕೂಡಲೇ ಗೊತ್ತಾಯಿತು. ಪೈಪುಗಳೆಲ್ಲ ಒಂದೇ ಸಮ ಬಾಗಿದ್ದವು. ಕ್ಲ್ಯಾಂಪುಗಳ ಸ್ಕ್ರೂ ತಲೆಗಳೆಲ್ಲ ಮೇಲೆ ಮುಖ ಮಾಡಿದ್ದವು, ನಾಳೆ ಬಿಚ್ಚುವವನ ಕೈಗೆ ಸಿಗುವ ಹಾಗೆ. ಆ ಅಭ್ಯಾಸ ನನ್ನ ಗಂಡನದಾಗಿತ್ತು. ಅವನು ಸತ್ತ ಮೇಲೆ ಅದು ಉಳಿದಿರುವುದು ಒಬ್ಬನ ಕೈಯಲ್ಲಿ ಮಾತ್ರ.

"ನರಸಿಂಹರಾಜಪುರದವ್ನು ಮಾಡಿದ್ದಾ?"

"ಹೌದು ಅಜ್ಜಿ, ಸರ್ ಮಾಡಿದ್ದು. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದಾರೆ."

"ಮೀಟರೂ ಅವ್ನೇ ಹಾಕ್ಬಹುದಿತ್ತಲ್ಲ."

"ಅವರಿಗೆ ಪುರುಸೊತ್ತಿಲ್ಲಂತೆ. ವೈರಿಂಗಿಗೆ ಕೊಪ್ಪಕ್ಕೇ ಹೋಗು ಅಂತ ಅವರೇ ಕಳ್ಸಿದ್ದು."

ಸರ್ ಅಂತೆ. ಹನ್ನೆರಡು ವರ್ಷ ನಮ್ಮ ಶೆಡ್ಡಿನಲ್ಲಿ ಗ್ರೀಸ್ ಒರೆಸಿದವನು. ನನ್ನ ಗಂಡ ಅವನಿಗೆ ಕೈ ಹಿಡಿದು ಕಲಿಸಿದ. ನನಗೆ ಕಲಿಸಲಿಲ್ಲ. ನಾನು ದೀಪ ಹಿಡಿದು ನಿಲ್ಲುತ್ತಿದ್ದೆ. ದೀಪ ಹಿಡಿದವಳಿಗೆ ಎಷ್ಟು ಕಂಡಿತೋ ಅಷ್ಟು ಕಲಿತೆ. ಗಂಡ ಹೋದ ಮೇಲೆ ಅವನು ನರಸಿಂಹರಾಜಪುರದಲ್ಲಿ ಸ್ವಂತ ಶೆಡ್ ಹಾಕಿದ. ಎಂಜಿನ್ ಕೆಲಸವೆಲ್ಲ ಅವನ ಹಿಂದೆ ಹೋಯಿತು. ನನಗೆ ಉಳಿದಿದ್ದು ವೈರಿಂಗು, ಹಾರ್ನು, ತೋಟದವರ ಔಷಧಿ ಪಂಪು. ಅವನ ಮೇಲೆ ನನಗೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿ ಹೇಳುವುದಕ್ಕೆ ನನಗೆ ಬರುವುದಿಲ್ಲ.

ಈಗ ವೈರಿಂಗನ್ನೂ ಅವನೇ ಕಳಿಸಬೇಕು, ನಾನು ಮಾಡಬೇಕು. ಅವನು ಉಂಡು ಬಿಟ್ಟ ಎಲೆಯಲ್ಲಿ ಊಟ. ವಾಪಸು ಕಳಿಸೋಣ ಎಂದು ಬಾನೆಟ್ ಮುಚ್ಚಿಯೂ ಆಗಿತ್ತು. ಹುಡುಗಿ ಹೋಗಲಿಲ್ಲ.

"ಹೋದ್ ವರ್ಷ ಅರ್ಧ ದಾರೀಲಿ ಎಂಜಿನ್ ಹಿಡ್ಕಂಡ್ತು ಅಜ್ಜಿ. ಎಣ್ಣೆ ಪ್ರೆಷರ್ ಇಳ್ದಿದ್ದು ಗೊತ್ತೇ ಆಗ್ಲಿಲ್ಲ. ಕೆಂಪು ದೀಪ ಬರೂದ್ರೊಳಗೆ ಎಲ್ಲ ಮುಗ್ದಿತ್ತು. ಈ ಸಲನೂ ನಿಂತ್ರೆ ಕಾರು ಮಾರೂದೇ ಅಂತ ಅಪ್ಪ ಹೇಳಿ ಆಗಿದೆ."

"ನಿಮ್ಮಪ್ಪ ದೇವಸ್ಥಾನದ ಪೂಜೆಯವ್ರಲ್ವಾ? ಮಂತ್ರ ಹಾಕಿ ಕೊಡಕ್ಕೆ ಹೇಳು."

"ಎಂಜಿನ್ ಮೇಲೆ ಕುಂಕುಮ ಹಚ್ಚಿದ್ರು. ಸರ್ ಒರ್ಸಿ ಬಿಟ್ರು."

ಅದೊಂದು ಕೆಲಸ ಅವನು ಸರಿ ಮಾಡಿದ್ದ. ಕೀ ಕೊಟ್ಟು ಹೋಗು ಎಂದೆ. ಹುಡುಗಿಗಾಗಿ ಒಪ್ಪಿದೆ ಎಂದರೆ ಸುಳ್ಳು. ಅವನ ಎಂಜಿನ್ನಿನ ಮುಂದೆ ನನ್ನ ಕೆಲಸ ನಿಲ್ಲುತ್ತದೋ ಇಲ್ಲವೋ ನೋಡುವ ಹಟ. ಓಟದ ಜನ ಎಲ್ಲ ಆ ಕಾರನ್ನು ನೋಡುತ್ತಾರೆ. ಮೀಟರು ಕೆಟ್ಟರೆ ವೈರಿಂಗಿಗೂ ಇನ್ನು ಕೊಪ್ಪಕ್ಕೆ ಯಾರೂ ಬರುವುದಿಲ್ಲ, ಅದೂ ಅವನಿಗೇ ಹೋಗುತ್ತದೆ.

ಹುಡುಗಿ ಮೀಟರಿನ ಜೊತೆಗೆ ಒಂದು ಪ್ಲಾಸ್ಟಿಕ್ ಗೂಡು ತರಿಸಿದ್ದಳು, ಗಾಜಿನ ಪಕ್ಕದ ಕಂಬಕ್ಕೆ ಅಂಟಿಸುವಂಥದ್ದು. ಮಣ್ಣಿನ ದಾರಿಯಲ್ಲಿ ಎರಡು ಗುಂಡಿ ಹಾರಿದರೆ ಅದು ಅವಳ ಮಡಿಲಿಗೇ ಬೀಳುತ್ತದೆ. ಗೂಡನ್ನು ಬದಿಗಿಟ್ಟೆ. ರೇಡಿಯೊ ಬಿಚ್ಚಿ ತೆಗೆದೆ. ಆ ಜಾಗಕ್ಕೆ ಅಲ್ಯೂಮಿನಿಯಂ ತಗಡು ಹಾಕುವುದು ಎಂದು ನಿರ್ಧರಿಸಿದೆ. ಮೊದಲು ಮಿಠಾಯಿ ಡಬ್ಬಿಯ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೂರಿಸಿ ನೋಡಿದೆ. ಸರಿಯಾದ ಮೇಲೆ ತಗಡಿನ ಮೇಲೆ ಗೀಚಿ, ಡ್ರಿಲ್ಲಿಗೆ ದುಂಡು ಗರಗಸ ಹಾಕಿ ಮೂರು ತೂತು ಕೊರೆದೆ.

ಮೊದಲ ತಗಡು ಹಾಳಾಯಿತು. ಮೀಟರಿನ ಮೈಗೆ ಅಳತೆ ತೆಗೆದಿದ್ದೆ, ಅದರ ಮುಖದ ಸುತ್ತಿನ ಅಗಲ ಬಳೆಗೆ ತೆಗೆದಿರಲಿಲ್ಲ. ಕೂರಿಸಿದರೆ ಬಳೆಗೆ ಬಳೆ ಹತ್ತಿಕೊಂಡು ಮೂರನೆಯದು ಒಳಗೆ ಹೋಗಲಿಲ್ಲ. ಎರಡನೇ ತಗಡಿನಲ್ಲಿ ತೂತುಗಳನ್ನು ಬೆರಳಗಲ ದೂರ ಇಟ್ಟೆ. ಗರಗಸ ಕೂದಲೆಳೆಯಷ್ಟು ಸಣ್ಣದಿತ್ತು. ಉಳಿದಿದ್ದನ್ನು ಅರ ಹಾಕಿ ತಿಕ್ಕಿದೆ, ಹೆಬ್ಬೆರಳಿನಲ್ಲಿ ಒತ್ತಿದರೆ ಮೀಟರು ಒಳಗೆ ಹೋಗಿ, ಬಿಟ್ಟರೆ ಬೀಳದೆ ನಿಲ್ಲುವಷ್ಟು. ಹೊಳಪಿಲ್ಲದ ಕರಿ ಬಣ್ಣ ಹೊಡೆದೆ. ಹೊಳೆಯುವ ತಗಡು ಬಿಸಿಲನ್ನು ಗಾಜಿಗೆ ಎತ್ತಿ ಹಾಕುತ್ತದೆ, ಓಡಿಸುವವಳಿಗೆ ದಾರಿ ಕಾಣುವುದಿಲ್ಲ.

ಗುರುವಾರ ಬೆಳಿಗ್ಗೆ ಹುಡುಗಿಯನ್ನು ಕರೆಸಿ ಹೆಲ್ಮೆಟ್ ಹಾಕಿಸಿ, ಬೆಲ್ಟ್ ಬಿಗಿಸಿ ಕೂರಿಸಿದೆ. "ತಲೆ ತಿರುಗಿಸ್ಬೇಡ. ಕಣ್ಣು ಮಾತ್ರ. ಮೂರೂ ಕಾಣ್ತದಾ?"

"ಎರಡು ಕಾಣ್ತದೆ. ಒಂದಕ್ಕೆ ಸ್ಟೇರಿಂಗ್ ಅಡ್ಡ ಬಂತು."

ತಗಡನ್ನು ಅವಳ ಕಡೆಗೆ ಸ್ವಲ್ಪ ಬಾಗಿಸಿದೆ. ಮತ್ತೆ ಕೇಳಿದೆ. ಮೂರನೇ ಸಲ ಬಾಗಿಸಿದಾಗ ಮೂರೂ ಕಂಡವು.

ಆಮೇಲೆ ವೈರಿಂಗು. ಡಬ್ಬಿಯಲ್ಲಿ ಇಂಗ್ಲಿಷ್ ಕಾಗದವಿತ್ತು. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕನ್ನಡವನ್ನೇ ಅಕ್ಷರ ಕೂಡಿಸಿ ಓದಬೇಕು. ಮೇಲಿನ ಪುಟದ ಚಿತ್ರ ನೋಡಿದೆ, ವೈರಿನ ಬಣ್ಣ ನೋಡಿದೆ, ಸಾಕಾಯಿತು. ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಕಡೆಯಿಂದ ಕೆಂಪು ವೈರು, ಅದಕ್ಕೆ ಬೇರೆಯೇ ಫ್ಯೂಸು. ಮೀಟರಿನೊಳಗಿನ ದೀಪಕ್ಕೆ ಪಾರ್ಕಿಂಗ್ ಲೈಟಿನಿಂದ. ಮೂರೂ ಕಪ್ಪು ವೈರುಗಳನ್ನು ಒಟ್ಟು ಮಾಡಿ ಡ್ಯಾಶಿನ ಹಿಂದಿನ ಒಂದೇ ಬೋಲ್ಟಿಗೆ ಕೊಟ್ಟೆ. ಬೋಲ್ಟಿನ ಸುತ್ತ ಬಣ್ಣ ಕೆರೆದು ಕಬ್ಬಿಣ ಬೆಳ್ಳಗಾಗುವವರೆಗೆ ಮರಳು ಕಾಗದ ಹಾಕಿದೆ. ಅರ್ತ್ ಸರಿಯಿಲ್ಲದ ಮೀಟರು ಸುಳ್ಳು ಹೇಳುತ್ತದೆ. ಈ ಮಾತನ್ನು ನಾನು ಎಷ್ಟು ಡ್ರೈವರುಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ವೈರುಗಳನ್ನು ಎಂಜಿನ್ ಕಡೆಗೆ ದಾಟಿಸುವ ತೂತಿಗೆ ರಬ್ಬರ್ ಬಳೆ ಹಾಕಿದೆ, ತಗಡಿನ ಅಂಚು ವೈರನ್ನು ಕೊಯ್ಯದ ಹಾಗೆ. ಗಾಳಿ ಮೀಟರಿನಿಂದ ಎಂಜಿನ್ನಿಗೆ ಹೋಗುವುದು ವೈರಲ್ಲ, ಸಣ್ಣ ಕೊಳವೆ. ಅದನ್ನು ಟರ್ಬೊ ಬಿಸಿಯಿಂದ ದೂರ ಸುತ್ತಿಸಿ ತಂದೆ. ಎಣ್ಣೆಯ ಬಿಸಿ ಅಳೆಯುವ ಸೆನ್ಸರನ್ನು ಎಂಜಿನ್ ತಳದ ಎಣ್ಣೆ ಇಳಿಸುವ ಬೋಲ್ಟಿನ ಜಾಗಕ್ಕೆ ಹಾಕಿದೆ. ಅದಕ್ಕೆ ಎರಡು ವೈರು.

ಉಳಿದಿದ್ದು ಎಣ್ಣೆಯ ಒತ್ತಡ. ಎಂಜಿನ್ನಿನ ಹಿಂಬದಿಯಲ್ಲಿ ಕಂಪನಿಯ ಸ್ವಿಚ್ ಒಂದಿದೆ. ಒತ್ತಡ ಇಲ್ಲದಾಗ ಕೆಂಪು ದೀಪ ಹೊತ್ತಿಸುವುದು ಅದೇ. ಅದನ್ನು ಬಿಚ್ಚಿ ಅಲ್ಲಿ ಮೂರು ಬಾಯಿಯ ಹಿತ್ತಾಳೆ ಜೋಡಣೆ, ಟೀ, ಹಾಕಬೇಕು. ಟೀಯ ಒಂದು ಬಾಯಿಗೆ ಹಳೆಯ ಸ್ವಿಚ್, ಇನ್ನೊಂದಕ್ಕೆ ಹೊಸ ಮೀಟರಿನ ಸೆನ್ಸರು. ಜಾಗ ಎಷ್ಟು ಇಕ್ಕಟ್ಟು ಎಂದರೆ ಗಂಡಸರ ಕೈ ಸುಲಭಕ್ಕೆ ಹೋಗುವುದಿಲ್ಲ. ನನ್ನ ಕೈ ಸಣ್ಣದು. ಅದೊಂದು ಅವನಿಗಿಲ್ಲ.

ಅಷ್ಟರಲ್ಲಿ ಸೀತೂರಿನವನೊಬ್ಬ ಔಷಧಿ ಪಂಪಿನ ಗನ್ ಹಿಡಿದುಕೊಂಡು ಬಂದ. ಜೋಡಣೆಯಲ್ಲಿ ಸೋರುತ್ತದೆ ಎಂದ. ಅಡಿಕೆಗೆ ಔಷಧಿ ಹೊಡೆಯುವ ಕಾಲ ಹತ್ತಿರ ಬಂದಿತ್ತು, ದಿನಕ್ಕೆ ಮೂರು ನಾಲ್ಕು ಅಂಥವು ಬರುತ್ತಿದ್ದವು. ಬಿಚ್ಚಿ, ಸೋರದ ಹಾಗೆ ಪ್ಲಾಸ್ಟಿಕ್ಕಿನ ತೆಳು ಬಿಳಿ ಟೇಪ್ ಸುತ್ತಿ ಬಿಗಿದು ಕೊಟ್ಟೆ. ನಮ್ಮ ಕಡೆ ಸುತ್ತು ಹಾಕಿ ಬಿಗಿಯುವ ಸಾಮಾನು ಯಾವುದಿದ್ದರೂ ಬಿಳಿ ಟೇಪ್ ಇಲ್ಲದೆ ಕೂರುವುದಿಲ್ಲ. ಪಂಪು, ಜೆಟ್ ಪೈಪು, ನಲ್ಲಿ, ಗೊಬ್ಬರ ಗ್ಯಾಸು. ಟೇಪ್ ಕಾಣದಿದ್ದರೆ ತೋಟದವರು ಕೆಲಸವನ್ನೇ ಒಪ್ಪುವುದಿಲ್ಲ. ಅದೇ ಸುರುಳಿ ಕೈಯಲ್ಲಿತ್ತು. ಟೀಗೆ ಐದು ಸುತ್ತು, ಸ್ವಿಚ್ಚಿಗೆ ಐದು, ಸೆನ್ಸರಿಗೆ ಐದು. ಹೆಬ್ಬೆರಳಿನಲ್ಲಿ ಒತ್ತಿ ಕೂರಿಸಿ ಬಿಗಿದೆ. ಒಂದು ಹನಿ ಎಣ್ಣೆ ಆಚೆ ಬರಬಾರದು, ಬಂದರೆ ಅವನು ನಗುತ್ತಾನೆ. ನನ್ನ ತಲೆಯಲ್ಲಿ ಇದ್ದಿದ್ದು ಅಷ್ಟೇ.

ಶುಕ್ರವಾರ ಬೆಳಿಗ್ಗೆ ಹುಡುಗಿ ಬಂದು ಸ್ಟಾರ್ಟ್ ಮಾಡಿದಳು. ಗಾಳಿಯ ಸೂಜಿ ಇಳಿದು ನಿಂತಿತು, ಸರಿ. ಬಿಸಿಯ ಸೂಜಿ ಮಲಗಿತ್ತು, ಎಂಜಿನ್ ತಣ್ಣಗಿದೆ, ಅದೂ ಸರಿ. ಎಣ್ಣೆ ಒತ್ತಡದ ಸೂಜಿ ಒಮ್ಮೆ ಎದ್ದಿತು. ಹಾವಿನ ನಾಲಿಗೆಯ ಹಾಗೆ ನಡುಗಿತು. ಆಮೇಲೆ ಇಳಿದು ಸೊನ್ನೆಯ ಹತ್ತಿರ ಬಿದ್ದುಕೊಂಡಿತು.

"ನಿಲ್ಸು! ಕೀ ತೆಗಿ!"

ಹುಡುಗಿ ನಿಲ್ಲಿಸಿದಳು. "ಮೀಟರ್ ತಪ್ಪಿರ್ಬಹುದಾ ಅಜ್ಜಿ?"

"ನನ್ನ ವೈರಾ? ನೋಡು ಇಲ್ಲಿ." ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸು ಎಂದು ಹೇಳಿ, ಸೆನ್ಸರಿನ ವೈರನ್ನು ಕಿತ್ತು ಎಂಜಿನ್ನಿನ ಮೈಗೆ ಮುಟ್ಟಿಸಿದೆ. ಒಳಗೆ ಸೂಜಿ ಹಾರಿ ಕೊನೆಗೆ ಹೊಡೆಯಿತು. "ಮೀಟರ್ ಸರಿ ಇದೆ. ವೈರ್ ಸರಿ ಇದೆ. ನಿನ್ನ ಸರ್ ಕಟ್ಟಿದ ಎಂಜಿನ್ನಲ್ಲೇ ಎಣ್ಣೆ ಮೇಲೆ ಹತ್ತೂದಿಲ್ಲ. ಫೋನ್ ಮಾಡು."

ನನಗೆ ಖುಷಿಯಾಯಿತು. ಹುಡುಗಿಯ ಕಾರು ಹೋಗುತ್ತದೆ, ಅವಳ ಭಾನುವಾರ ಹೋಗುತ್ತದೆ ಎಂದು ಗೊತ್ತಿತ್ತು. ಆದರೂ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಅವನ ಎಂಜಿನ್ ಸೋತಿದ್ದನ್ನು ನಾನು ನೋಡಿರಲಿಲ್ಲ. ಈಗ ಅದನ್ನು ತೋರಿಸಿದ್ದು ನನ್ನ ಮೀಟರು. ಅವನು ಬರುವ ಮೊದಲು ನಾನು ಶೆಡ್ ಗುಡಿಸಿದೆ.

ಮಧ್ಯಾಹ್ನ ಅವನು ಪಿಕಪ್ಪಿಗೆ ಟ್ರೇಲರ್ ಕಟ್ಟಿಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿ. ಕೈ ಮಾತ್ರ ನಮ್ಮ ಶೆಡ್ಡಿನದೇ ಕೈ, ಉಗುರಿನ ಸಂದಿ ಕಪ್ಪು. ಒತ್ತಡ ಇಲ್ಲದೆ ಓಡಿಸಿದರೆ ಎಂಜಿನ್ ಹಾಳಾಗುತ್ತದೆ ಎಂದು ಅವನು ಸ್ಟಾರ್ಟ್ ಮಾಡಿ ನೋಡಲಿಲ್ಲ. ಎಣ್ಣೆ ಕಡ್ಡಿ ಎಳೆದು ನೋಡಿದ, ಮಟ್ಟ ಸರಿ ಇತ್ತು. ನಾನು ವೈರು ಮುಟ್ಟಿಸಿ ಸೂಜಿ ಹಾರುವುದನ್ನು ಅವನಿಗೂ ತೋರಿಸಿದೆ.

"ಎಣ್ಣೆ ಪಂಪ್ ಹಳೇದನ್ನೇ ಹಾಕಿದ್ದೆ ಅಕ್ಕ," ಎಂದ. "ಅಳತೆ ತೆಗ್ದಾಗ ಸರಿ ಇತ್ತು. ಆದ್ರೂ ಒಂದು ಅನುಮಾನ ಇತ್ತು ನೋಡಿ."

"ನಿನ್ನ ಗುರು ಇದ್ದಿದ್ರೆ ಹಳೇ ಪಂಪ್ ಹಾಕಕ್ಕೆ ಬಿಡ್ತಿದ್ರಾ?"

"ಬಿಡ್ತಿರ್ಲಿಲ್ಲ ಅಕ್ಕ."

ಹುಡುಗಿ ಅವನನ್ನೂ ನನ್ನನ್ನೂ ನೋಡಿದಳು. "ಸರ್, ಮೀಟರೇ ತಪ್ಪಾಗಿರ್ಲಿಕ್ಕಿಲ್ವಾ?"

"ಅಕ್ಕ ಎಳ್ದ ವೈರು ಸುಳ್ಳು ಹೇಳಲ್ಲ. ನನ್ನ ಕೆಲಸನೇ ನೋಡ್ಬೇಕು. ನಾಳೆ ಬೆಳಿಗ್ಗೆ ಆ ಸೆನ್ಸರ್ ಬಿಚ್ಚಿ ನನ್ನ ಕೈಮೀಟರ್ ಹಾಕ್ತೀನಿ. ಅದ್ರಲ್ಲೂ ಪ್ರೆಷರ್ ಬರ್ಲಿಲ್ಲ ಅಂದ್ರೆ ತಳ ಬಿಚ್ಚೂದೇ."

"ತಳ ಬಿಚ್ಚಿದ್ರೆ ಭಾನುವಾರ?"

"ಭಾನುವಾರ ಇಲ್ಲ."

ಹುಡುಗಿ ಹೋಗಿ ಸ್ಟೇರಿಂಗ್ ಮುಂದೆ ಕೂತಳು. ಕಾರನ್ನು ಟ್ರೇಲರಿಗೆ ತಳ್ಳಬೇಕಿತ್ತು. ಸ್ಟೇರಿಂಗ್ ಬಿಡುಗಡೆ ಆಗಲಿ ಎಂದು ಕೀ ತಿರುಗಿಸಿದಳು. ನಾನು ಕಿಟಕಿಯ ಹತ್ತಿರ ಇದ್ದೆ. ಬ್ಯಾಟರಿ ದೀಪ ಹೊತ್ತಿತು. ಹ್ಯಾಂಡ್‌ಬ್ರೇಕ್ ದೀಪ ಹೊತ್ತಿತು. ಎಣ್ಣೆಯ ಕೆಂಪು ದೀಪ ಹೊತ್ತಲಿಲ್ಲ.

ಎಂಜಿನ್ ನಿಂತಿದೆ. ಎಣ್ಣೆಗೆ ಒತ್ತಡ ಇಲ್ಲ. ಕೀ ಹಾಕಿದ ಕೂಡಲೇ ಆ ದೀಪ ಹೊತ್ತಲೇಬೇಕು. ಹೊಸದಾಗಿ ಕಾರು ಕಲಿಯುವವರಿಗೂ ಗೊತ್ತಿರುವ ವಿಷಯ.

ಕಂಪನಿಯ ಸ್ವಿಚ್ಚಿಗೆ ಒಂದೇ ವೈರು. ಹೊಸ ಸೆನ್ಸರಿಗೂ ಒಂದೇ ವೈರು. ಒಂದೇ ವೈರಿನ ಸಾಮಾನಿಗೆ ಎರಡನೇ ವೈರು ಅದರ ಮೈ. ಮೈ ಎಂಜಿನ್ನಿಗೆ ತಾಗಿದರೆ ಅರ್ತ್ ಸಿಗುತ್ತದೆ. ನಾನು ಆ ಮೈಗೆ ಐದೈದು ಸುತ್ತು ಬಿಳಿ ಟೇಪ್ ಸುತ್ತಿ ಚಾದರ ಹೊದಿಸಿದ್ದೆ. ದೀಪಕ್ಕೂ ಅರ್ತ್ ಇಲ್ಲ, ಸೂಜಿಗೂ ಅರ್ತ್ ಇಲ್ಲ. ಡ್ಯಾಶಿನ ಹಿಂದೆ ಕಬ್ಬಿಣ ಬೆಳ್ಳಗಾಗುವ ತನಕ ತಿಕ್ಕಿದವಳು ಎಂಜಿನ್ನಿನಲ್ಲಿ ಅದನ್ನೇ ಮುಚ್ಚಿದ್ದೆ. ನಾನು ವೈರನ್ನು ನೇರ ಎಂಜಿನ್ನಿಗೆ ಮುಟ್ಟಿಸಿ ತೋರಿಸಿದಾಗ ಸೂಜಿ ಹಾರಿದ್ದೂ ಅದಕ್ಕೇ. ಆಗ ಸೆನ್ಸರ್ ನಡುವೆ ಇರಲಿಲ್ಲ.

ಅವನ ಎಂಜಿನ್ ಸರಿ ಇತ್ತು.

ಆಗಲೇ ಹೇಳಬಹುದಿತ್ತು. ಬಾಯಿ ಬಿಡಲಿಲ್ಲ. ಅವನು ಕಾರಿನ ಹಿಂದೆ ಭುಜ ಕೊಟ್ಟು ತಳ್ಳುತ್ತಿದ್ದ, ತಲೆ ಬಗ್ಗಿತ್ತು. ಆ ಬಗ್ಗಿದ ತಲೆಯನ್ನು ನೋಡುತ್ತಾ ನಿಂತೆ. ಟ್ರೇಲರ್ ತಿರುವು ದಾಟಿತು.

ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ. ಹುಡುಗಿಯದು ನೆನಪಾಗಿ ಅಂತ ಹೇಳಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ನನಗೆ ನೆನಪಾಗಿದ್ದು ಅವನ ಕೈಮೀಟರ್. ಅದನ್ನು ಹಾಕಬೇಕಾದರೆ ನನ್ನ ಸೆನ್ಸರ್ ಬಿಚ್ಚಬೇಕು. ಬಿಚ್ಚಿದರೆ ಬಿಳಿ ಟೇಪ್ ಅವನ ಕೈಗೆ ಬರುತ್ತದೆ. ಅವನು ನಗುವುದೂ ಇಲ್ಲ, ಬೈಯುವುದೂ ಇಲ್ಲ, "ಪರವಾಗಿಲ್ಲ ಅಕ್ಕ" ಎನ್ನುತ್ತಾನೆ. ಅದನ್ನು ಕೇಳುವುದಕ್ಕಿಂತ ಬಾವಿ ವಾಸಿ.

ಶನಿವಾರ ಮೊದಲ ಬಸ್ಸಿಗೆ ಹೊರಟೆ. ಚೀಲದಲ್ಲಿ ಎರಡು ಸ್ಪ್ಯಾನರು, ತಂತಿಯ ಬ್ರಷ್ಷು, ನಾಲ್ಕು ತಾಮ್ರದ ವಾಷರು.

ಅವನ ಶೆಡ್ಡಿನ ಒಳಗೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ಎರಡು ಸಲ ಕರೆದಿದ್ದ, ಹೋಗಿರಲಿಲ್ಲ. ನೆಲಕ್ಕೆ ಬಿಳಿ ಟೈಲ್ಸು. ಗುಂಡಿ ಒತ್ತಿದರೆ ಕಾರನ್ನೇ ಎತ್ತುವ ಮಿಶನ್ನು. ಗೋಡೆಯ ಹಲಗೆಯಲ್ಲಿ ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರ ಬರೆದು ಜಾಗ ಮಾಡಿದ್ದ. ಒಂದು ಜಾಗವೂ ಖಾಲಿ ಇರಲಿಲ್ಲ. ನನ್ನ ಶೆಡ್ಡಿನಲ್ಲಿ ಹತ್ತನೇ ನಂಬರಿನ ಸ್ಪ್ಯಾನರು ಹುಡುಕುವುದಕ್ಕೆ ಅರ್ಧ ಗಂಟೆ ಬೇಕು. ನೋಡಿ ಎದೆ ಉರಿಯಿತು.

"ಅಕ್ಕ! ನೀವ್ಯಾಕೆ ಬರಕ್ ಹೋದ್ರಿ ಇಷ್ಟು ಬೆಳಿಗ್ಗೆ?"

"ಕೈಮೀಟರ್ ಹಾಕೂದು ನೋಡ್ಬೇಕಿತ್ತು."

"ಕೂತ್ಕಳಿ. ಆ ಹುಡುಗಿನೂ ಬಂದಿಲ್ಲ ಇನ್ನೂ. ಟೀ ತರ್ತೀನಿ. ಹೋಟ್ಲು ಸ್ವಲ್ಪ ದೂರ, ಅಲ್ಲಿದೇ ಚೆನ್ನಾಗಿರ್ತದೆ."

ತಾನೇ ಫ್ಲಾಸ್ಕು ಹಿಡಿದು ಹೋದ. ಗೇಟಿನ ಶಬ್ದ ಕೇಳಿದ ಕೂಡಲೇ ನಾನು ಬಾನೆಟ್ ಎತ್ತಿದೆ. ಎರಡು ವೈರು ಕಿತ್ತೆ. ಕೈ ಹಾಕಿ ಹಿತ್ತಾಳೆಯ ಟೀಯನ್ನು ಬುಡದಿಂದಲೇ ಬಿಚ್ಚಿದೆ. ಅವನ ವೈಸಿಗೇ ಕಚ್ಚಿಸಿ ಸ್ವಿಚ್ಚನ್ನೂ ಸೆನ್ಸರನ್ನೂ ಬಿಡಿಸಿದೆ. ಉಗುರು ಹಾಕಿ ಟೇಪ್ ಎಳೆದೆ, ಸುತ್ತಿನ ಸಂದಿಗೆ ಸಿಕ್ಕಿಕೊಂಡ ಎಳೆಗಳನ್ನು ಬ್ರಷ್ಷಿನಿಂದ ತೆಗೆದೆ. ಬರಿ ಲೋಹಕ್ಕೆ ಬರಿ ಲೋಹ, ನಡುವೆ ತಾಮ್ರದ ವಾಷರು. ಬಿಗಿದೆ. ವೈರು ಸಿಕ್ಕಿಸಿದೆ. ತೊಟ್ಟಿಕ್ಕಿದ ಎಣ್ಣೆಯನ್ನು ಸೆರಗಿನಲ್ಲಿ ಒರೆಸಿದೆ. ಟೇಪನ್ನು ಉಂಡೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಾನೆಟ್ ಇಳಿಸಿ ಸ್ಟೂಲಿನ ಮೇಲೆ ಕೂತೆ. ಉಸಿರು ಮಾತ್ರ ಕೂರಲಿಲ್ಲ.

ಅವನೂ ಹುಡುಗಿಯೂ ಒಟ್ಟಿಗೇ ಒಳಗೆ ಬಂದರು. ಅವಳ ಕಣ್ಣು ಊದಿತ್ತು. ಅವನು ಟೀ ಬಗ್ಗಿಸಿ ಕೊಟ್ಟ.

ನಾನು ಎಂದೆ: "ಬಿಚ್ಚೂ ಮೊದ್ಲು ಒಂದ್ಸಲ ಸ್ಟಾರ್ಟ್ ಮಾಡಿ ನೋಡಿ. ಅರ್ಧ ನಿಮಿಷ."

ಅವನಿಗೆ ಇಷ್ಟವಿರಲಿಲ್ಲ. ಆದರೂ ಹುಡುಗಿ ಕೀ ತಿರುಗಿಸಿದಳು. ಕೆಂಪು ದೀಪ ಹೊತ್ತಿತು. ಎಂಜಿನ್ ಶುರುವಾಯಿತು, ದೀಪ ಆರಿತು. ಎಣ್ಣೆಯ ಸೂಜಿ ಎದ್ದು, ನಡುಗದೆ, ನಿಂತಿತು.

"ಸರ್!" ಹುಡುಗಿ ಕಿರುಚಿದಳು. "ಎಂತ ಮಾಡಿದ್ರಿ ಸರ್?"

"ನಾನು ಏನೂ ಮಾಡಿಲ್ಲ ಮಾರಾಯ್ತಿ."

"ಸುಳ್ಳು! ಬೆಳಿಗ್ಗೆನೇ ಏನೋ ಮಾಡಿಟ್ಟು ಈಗ ತಮಾಷೆ ನೋಡ್ತಿದೀರಿ. ನಿಮ್ಮ ಶೆಡ್ಡಿಗೆ ಬಂದ್ರೆ ಸಾಕು, ಕಾರು ತನ್ನಷ್ಟಕ್ಕೇ ರಿಪೇರಿ ಆಗ್ತದೆ ಅಂತ ಎಲ್ರೂ ಹೇಳೂದು ಸುಮ್ನೆ ಅಲ್ಲ."

ಅವನು ತಲೆ ಕೆರೆದುಕೊಂಡ. "ಟ್ರೇಲರಲ್ಲಿ ಕುಲುಕಿ ಪಂಪಿನ ಕಸ ಏನಾದ್ರೂ..." ಎನ್ನುತ್ತಾ ನಕ್ಕ. ಅವಳ ಹೊಗಳಿಕೆಗೆ ಸ್ವಲ್ಪ ನಕ್ಕ, ಅಷ್ಟೇ.

ಕೆಲಸ ಅಲ್ಲಿಗೆ ಮುಗಿದಿತ್ತು. ನಾನು ಟೀ ಕುಡಿದು ಬಸ್ಸು ಹತ್ತಬಹುದಿತ್ತು. ಟೇಪಿನ ವಿಷಯ ನನ್ನ ಸೊಂಟದಲ್ಲೇ ಸಾಯುತ್ತಿತ್ತು. ಆದರೆ ಅವನ ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ಕೈ ತರಚಿಕೊಂಡು, ಎಣ್ಣೆ ಬಳಿದುಕೊಂಡು ಕಾರು ಸರಿ ಮಾಡಿದವಳು ನಾನು. ಹೆಸರು ಮತ್ತೆ ಅವನಿಗೆ. ಸರಿ ಮಾಡಿದ್ದು ನಾನು ಎಂದು ಹೇಳಬೇಕಾದರೆ ಕೆಡಿಸಿದ್ದೂ ನಾನೇ ಎಂದು ಹೇಳಬೇಕು. ಬೇರೆ ದಾರಿ ಇರಲಿಲ್ಲ. ಎರಡು ಗುಟುಕು ಟೀ ಕುಡಿಯುವಷ್ಟು ಹೊತ್ತು ಯೋಚಿಸಿದೆ. ಆಮೇಲೆ ಎದ್ದು ಟೇಪಿನ ಉಂಡೆಯನ್ನು ಬಾನೆಟ್ಟಿನ ಮೇಲೆ ಇಟ್ಟೆ.

"ಅವ್ನಲ್ಲ. ನಾನು ಸರಿ ಮಾಡಿದ್ದು. ಈಗ, ಅವ್ನು ಟೀ ತರಕ್ಕೆ ಹೋಗಿದ್ದಾಗ."

ಅವನು ಉಂಡೆಯನ್ನು ಬಿಡಿಸಿ ನೋಡಿದ. ಅವನಿಗೆ ವಿವರಿಸುವುದು ಬೇಕಿರಲಿಲ್ಲ. ಹುಡುಗಿಗೆ ನಾನೇ ಹೇಳಿದೆ, ಪಂಪಿನ ಅಭ್ಯಾಸದಲ್ಲಿ ಟೇಪ್ ಸುತ್ತಿದ್ದು, ಅದರಿಂದ ಸೆನ್ಸರಿಗೆ ಅರ್ತ್ ತಪ್ಪಿದ್ದು, ಎಂಜಿನ್ನಿಗೆ ಏನೂ ಆಗಿಲ್ಲ ಎಂದು.

ಅವನು ಕಾರಿನೊಳಗಿದ್ದ ಮೀಟರಿನ ಕಾಗದ ತಂದು ಬಿಡಿಸಿದ. "ಇಲ್ಲಿ ಇದೆಯಲ್ಲ ಅಕ್ಕ, ಟೇಪ್ ಹಾಕ್ಬಾರ್ದು ಅಂತ."

"ನಂಗೆ ಇಂಗ್ಲಿಷ್ ಬರಲ್ಲ ಅಂತ ನಿಂಗೆ ಗೊತ್ತಿಲ್ವಾ?"

"ಇದು ಚಿತ್ರ ಅಕ್ಕ."

ಹೌದು. ಕಾಗದದ ಹಿಂಬದಿಯಲ್ಲಿ ಟೇಪಿನ ಸುರುಳಿ ಬರೆದು ಅಡ್ಡ ಗೀಟು ಹೊಡೆದಿದ್ದರು. ನಾನು ಮಗುಚಿ ನೋಡಿರಲಿಲ್ಲ.

"ಯಾವಾಗ ಗೊತ್ತಾಯ್ತು?" ಎಂದ.

"ನಿನ್ನೆ. ಕಾರು ಟ್ರೇಲರಿಗೆ ಹತ್ತಿಸುವಾಗ. ಕೆಂಪು ದೀಪ ಬರ್ಲಿಲ್ಲ."

"ನಿನ್ನೆನೇ?" ಅವನ ದನಿ ಏರಿತು. ಅವನು ನನ್ನೆದುರು ದನಿ ಏರಿಸಿದ್ದು ಅದೇ ಮೊದಲು. "ನಿನ್ನೆಯಿಂದ ಆ ಪಂಪಿನ ಯೋಚನೇಲಿ ನಾನು ಊಟ ಮಾಡಿಲ್ಲ, ಗೊತ್ತಾ?"

"ನಾನೂ ಮಾಡಿಲ್ಲ."

"ನೀವ್ಯಾಕೆ ಮಾಡ್ಲಿಲ್ಲ?"

"ನೀನು ಟೇಪ್ ನೋಡ್ತೀಯಲ್ಲ ಅಂತ."

ಹುಡುಗಿಗೆ ನಗು ಬಂತು. ಬಾಯಿ ಮುಚ್ಚಿಕೊಂಡಳು. ನಾವಿಬ್ಬರೂ ನಗಲಿಲ್ಲ.

"ನಿನ್ನ ಕಂಡ್ರೆ ನಂಗೆ ಆಗಲ್ಲ," ಎಂದೆ. "ಅದು ನಿಂಗೆ ಗೊತ್ತಿರ್ಲಿ."

"ಗೊತ್ತಕ್ಕ. ನಿಮ್ಮ ಶೆಡ್ಡಿಗೆ ಬಂದ ಮೊದಲ್ನೇ ದಿನದಿಂದ್ಲೂ ಗೊತ್ತು."

ಆಮೇಲೆ ಅವನು ನನ್ನ ಸೆನ್ಸರನ್ನು ಬಿಚ್ಚಿ ತನ್ನ ಕೈಮೀಟರ್ ಹಾಕಿದ. ಬೇಡ ಎಂದು ಹೇಳುವ ಬಾಯಿ ನನಗಿರಲಿಲ್ಲ. ಎಂಜಿನ್ ಬಿಸಿಯಾಗುವವರೆಗೆ ಓಡಿಸಿದ, ತನ್ನ ಮೀಟರ್ ಎಷ್ಟು ತೋರಿಸಿತು ಎಂದು ಬರೆದುಕೊಂಡ. ಮತ್ತೆ ನನ್ನ ಸೆನ್ಸರ್ ಹಾಕಿ ಅದೇ ವೇಗಕ್ಕೆ ನೋಡಿದ. ಎರಡೂ ಒಂದೇ. "ಸರಿ ಇದೆ," ಎಂದ. ಮುಖ ನೋಡಿ ಹೇಳಲಿಲ್ಲ.

ಇನ್ನೊಂದು ಕೆಲಸ ಬಾಕಿ ಇತ್ತು. ನಾನು ಅಂಕಿ ಓದಿ ಕೆಲಸ ಮಾಡುವವಳಲ್ಲ, ಸೂಜಿ ಎತ್ತ ನೋಡುತ್ತಿದೆ ಎಂದು ನೋಡುವವಳು. ಗುಂಡಿ ಹಾರುವಾಗ ಈ ಹುಡುಗಿಗೂ ಓದುವ ಪುರುಸೊತ್ತು ಇರುವುದಿಲ್ಲ. ಅವನನ್ನು ಸ್ಟೇರಿಂಗ್ ಮುಂದೆ ಕೂರಿಸಿ ಎಕ್ಸಿಲೇಟರಿನ ಮೇಲೆ ಕಾಲು ಇಡಿಸಿದೆ. ನಾನು ಪಕ್ಕದ ಸೀಟಿನಲ್ಲಿ ಕೂತು ಕೈ ಎತ್ತಿದರೆ ಅವನು ಏರಿಸಬೇಕು, ಇಳಿಸಿದರೆ ಇಳಿಸಬೇಕು. ಎಂಜಿನ್ ಓಟದ ಹದಕ್ಕೆ ಬಂದಾಗ ಎಣ್ಣೆಯ ಎರಡೂ ಸೂಜಿ ಎಲ್ಲಿ ನಿಲ್ಲುತ್ತವೋ ನೋಡಿ, ಹಿಂದಿನ ನಟ್ಟು ಸಡಿಲಿಸಿ, ಇಡೀ ಮೀಟರನ್ನೇ ತೂತಿನೊಳಗೆ ತಿರುಗಿಸಿದೆ, ಸೂಜಿ ನೇರ ಆಕಾಶ ನೋಡುವ ಹಾಗೆ. ಅಂಕಿಗಳು ಓರೆಯಾದವು. ಆಗಲಿ. ಗಾಳಿಯ ಸೂಜಿ ಎಂಜಿನ್ನಿಗೆ ಭಾರ ಬೀಳದೆ ಏರುವುದಿಲ್ಲ. ಅದಕ್ಕೆ ಅವನು ಕಾರನ್ನು ಏರಿನಲ್ಲಿ ಎರಡು ಸಲ ಓಡಿಸಿದ, ನಾನು ಪಕ್ಕದಲ್ಲಿ ಕೂತು ತಿರುಗಿಸಿದೆ. ಅಷ್ಟು ಹೊತ್ತೂ ನಾನು ಹೇಳಿದ್ದನ್ನು ಅವನು ಮಾಡಿದ. ನನಗೆ ಅದು ಹಿತವಾಗಿತ್ತು.

"ಮೂರೂ ಮೇಲೆ ನೋಡ್ತಿದ್ರೆ ಓಡ್ಸು," ಎಂದು ಹುಡುಗಿಗೆ ಹೇಳಿದೆ. "ಒಂದು ವಾಲಿದ್ರೂ ಕಾಲು ತೆಗಿ. ಬೇರೆ ಏನೂ ಓದ್ಬೇಡ."

ಭಾನುವಾರ ನಾನು ಮೇಗುಂದಕ್ಕೆ ಹೋಗಲಿಲ್ಲ. ಕಾರು ನಿಲ್ಲದೆ ಓಟ ಮುಗಿಸಿತು. ಅವಳ ವರ್ಗದಲ್ಲಿ ಮೂರನೆಯವಳಾಗಿ ಬಂದಳಂತೆ. ಮನೆಯಲ್ಲಿ ಕಾರು ಮಾರುವ ಮಾತು ನಿಂತಿತು. ಸೋಮವಾರ ಬಂದು ಫೋನಿನಲ್ಲಿ ಪಟ ತೋರಿಸಿದಳು. ಕೆಸರು ಮೆತ್ತಿದ ಕಾರು, ಅದರ ಪಕ್ಕದಲ್ಲಿ ಅವನು, ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡು. ಮೀಟರುಗಳು ಕಾಣುತ್ತವೆಯೋ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಗಾಜಿನ ಮೇಲೆ ಬಿಸಿಲು ಬಿದ್ದು ಒಳಗೆ ಏನೂ ಕಾಣುತ್ತಿರಲಿಲ್ಲ.

"ಎಲ್ರೂ ಮೀಟರ್ ಬಗ್ಗೆನೇ ಕೇಳಿದ್ರು ಅಜ್ಜಿ. ಕೊಪ್ಪದ ಅಜ್ಜಿ ಅಂದೆ. ಟೇಪಿನ ಕತೆನೂ ಹೇಳ್ದೆ."

"ಅದ್ಯಾಕೆ ಹೇಳಕ್ ಹೋದೆ?"

"ಸರ್ ಹೇಳ್ಬೇಡ ಅಂದ್ರು. ನಂಗೆ ಬಾಯಿ ತಡೀಲಿಲ್ಲ."

ಹದಿನೈದು ದಿನ ಕಳೆದ ಮೇಲೆ ನರಸಿಂಹರಾಜಪುರದಿಂದ ಇನ್ನೊಂದು ಓಟದ ಕಾರು ಬಂತು, ಮೂರು ಮೀಟರಿನ ಡಬ್ಬಿಗಳ ಜೊತೆಗೆ. ಸೂಜಿ ಮೇಲೆ ನಿಲ್ಲುವ ಹಾಗೆ ಮಾಡಿ ಕೊಡಬೇಕಂತೆ. ತಂದವನು ಹೇಳಿದ: "ಎಣ್ಣೆ ಸೆನ್ಸರ್ ಸರ್ ಆಗ್ಲೇ ಕೂರ್ಸಿದಾರೆ. ನೀವು ವೈರ್ ಎಳೆದ್ರೆ ಸಾಕಂತೆ."

ಬಾನೆಟ್ ಎತ್ತಿದೆ. ಟೀ, ಸ್ವಿಚ್, ಸೆನ್ಸರ್, ಮೂರೂ ಬರಿ ಲೋಹದಲ್ಲಿ, ತಾಮ್ರದ ವಾಷರಿನ ಮೇಲೆ ಕೂತಿದ್ದವು. ಟೆಸ್ಟ್ ಲ್ಯಾಂಪ್ ಇಟ್ಟು ನೋಡಿದೆ, ಅರ್ತ್ ಚೆನ್ನಾಗಿಯೇ ಇತ್ತು. ಒಂದು ತಪ್ಪೂ ಇರಲಿಲ್ಲ. ತಂದವನು ಕಾಫಿ ಕುಡಿದು ಬರುತ್ತೇನೆ ಎಂದು ಹೋದ.

ನಾನು ಸ್ಪ್ಯಾನರ್ ಹುಡುಕಿ ತಂದೆ. ಮೂರನ್ನೂ ಬಿಚ್ಚಿದೆ. ಒರೆಸಿದೆ. ಮತ್ತೆ ನಾನೇ ಕೂರಿಸಿ ಬಿಗಿದೆ.